ಸೋಬಾನೆಯ ಸಕಾರ ಸಂಹಾರ

ಸ್ಟುಡಿಯೊದವರೂ ನಾಚುವಂಥ ಧ್ವನಿಮುದ್ರಣವನ್ನು ನಮ್ಮ ಮಲಗುವ ಕೋಣೆಯಲ್ಲೇ ಮಾಡಿ ತೋರಿಸುತ್ತೇನೆಂದು ಹೆಂಡತಿ ಹೇಮಶ್ರೀಯ ಮುಂದೆ ಶಪಥ ಮಾಡಿದೆ. ಪಾಂಡವಪುರದಲ್ಲಿ ಅವಳ ಅಣ್ಣನ ಮಗಳು ಚೈತ್ರಳ ಮದುವೆ. ಹಸೆಮಣೆಗೆ ನಡೆದು ಬರುವಾಗ ಸೋದರತ್ತೆಯ ಸೋಬಾನೆಯೇ ಕೇಳಬೇಕೆಂದು ಹುಡುಗಿಯ ಆಸೆ. ಆದರೆ ಸೋದರತ್ತೆ ಆ ಹೊತ್ತಿಗೆ ಕಳಸ ಹಿಡಿದು ಮುಂದೆ ನಡೆಯಬೇಕು! ಹಾಗಾಗಿ ಹಾಡನ್ನು ಮೊದಲೇ ಮುದ್ರಿಸಿಡುವುದೆಂದಾಯಿತು. ಶ್ರೀರಂಗಪಟ್ಟಣದ ಕಚೇರಿಯೊಂದರಲ್ಲಿ ಕಡತ ಸರಿಸುವ ನಾನು ಅಂದೇ ಮೈಕು ತಂದೆ.

ಮುದ್ದೆ ತಿನ್ನಿಸುವಷ್ಟು ಹತ್ತಿರ ಮೈಕು ಹಿಡಿದೆ. ಅವಳು ಹಾಡಿದಳು: "ಸಂಪಿಗೆ ಸೂಸುವ ಸೊಸೆ ಬಂದ್ಲು ಸೋಬಾನೆ."

ಕೇಳಿದರೆ ಒಂದೊಂದು 'ಸ'ಕ್ಕೂ ಕುಕ್ಕರು ಕೂಗಿದಂತೆ! ಮೈಕನ್ನು ಕೊಂಚ ದೂರ, ಬಾಯಿಗೆ ಓರೆಯಾಗಿಟ್ಟು ಮತ್ತೆ ಹಾಡಿಸಿದರೆ ಮುಕ್ಕಾಲು ರೋಗ ವಾಸಿ ಎಂದು ಯೂಟ್ಯೂಬಿನಲ್ಲಿ ಯಾರೋ ಪುಣ್ಯಾತ್ಮ ಹೇಳಿದ್ದ. ಇನ್ನೊಮ್ಮೆ ಹಾಡುತ್ತೇನೆಂದು ಹೇಮಶ್ರೀಯೂ ಅಂದಳು. ಕಲಾವಿದೆ ದಣಿಯಬಾರದು, ತಂತ್ರಜ್ಞ ಇರುವುದೇತಕ್ಕೆ ಎಂದೆ.

ಕಂಪ್ಯೂಟರಿನಲ್ಲಿ ಡಿ-ಎಸ್ಸರ್ ಎಂಬ ಸಾಧನವಿದೆ. ಕಿವಿ ಸೀಳುವ 'ಸ' ಬಂದಾಗ ಮಾತ್ರ ಅದರ ಸದ್ದು ತಗ್ಗಿಸುತ್ತದೆ. ಸಾರಿಗೆ ಉಪ್ಪಿನಂತೆ ಹಿತಮಿತವಾಗಿ ಬಳಸಬೇಕು. ನಾನು ಒಂದಿಷ್ಟು ಏರಿಸಿದೆ, ಸಿಳ್ಳು ತಗ್ಗಿತು. ಖುಷಿಯಾಗಿ ಮತ್ತಷ್ಟು ಏರಿಸಿದೆ. ಇಡೀ ಸಂಜೆ ಅದೇ ಹಾಡು ಕೇಳಿ ಕೇಳಿ ಕಿವಿ ಒಗ್ಗಿಹೋಗಿತ್ತು. ಇನ್ನು ಏರಿಸಲು ಜಾಗವೇ ಇಲ್ಲದಾದಾಗ ಹಾಡು ಬೆಣ್ಣೆಯಂತೆ ಕೇಳಿಸಿತು. ಹೆಂಡತಿಗೂ ಕೇಳಿಸದೆ, ಛತ್ರದಲ್ಲೇ ಕೇಳುವೆಯಂತೆ ಎಂದು ಬೀಗಿದೆ.

ಮದುವೆಯ ದಿನ ಚೈತ್ರ ಹಸೆಮಣೆಯತ್ತ ಹೊರಟಳು. ನಾನು ಗುಂಡಿ ಒತ್ತಿದೆ. ಆಳೆತ್ತರದ ಸ್ಪೀಕರುಗಳಲ್ಲಿ ನನ್ನ ಧರ್ಮಪತ್ನಿಯ ಕಂಠ ಮೊಳಗಿತು: "ತಂಪಿಗೆ ತೂತುವ ತೊತೆ ಬಂದ್ಲು ತೋಬಾನೆ."

ಮಂತ್ರ ನಿಂತಿತು. ಮದುಮಗಳ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆಂದು ನೋಡಿದರೆ ನಗು ತಡೆಯಲಾಗದೆ ಒದ್ದಾಡುತ್ತಿದ್ದಳು! ಕಳಸದ ಹಿಂದಿನಿಂದ ಹೇಮಶ್ರೀ ನನ್ನನ್ನೊಮ್ಮೆ ನೋಡಿದಳು. ನಾನು ಅವಸರದಲ್ಲಿ ನಿಲ್ಲಿಸುವ ಗುಂಡಿಯ ಬದಲು ಸದ್ದು ಹೆಚ್ಚಿಸುವ ಗುಂಡಿ ಒತ್ತಿಬಿಟ್ಟೆ. ಕೊನೆಗೆ ಯಾರೋ ವೈರನ್ನೇ ಕಿತ್ತರು. ನೆರೆದ ಹೆಂಗಸರೇ ಬೇರೊಂದು ಹಾಡು ಎತ್ತಿಕೊಂಡು ಮಾನ ಉಳಿಸಿದರು.

ಊಟದ ಪಂಕ್ತಿಯಲ್ಲಿ ಹೇಮಶ್ರೀ ನನ್ನ ಪಕ್ಕ ಕುಳಿತಳು. ಆಗ ಕೆ.ಆರ್. ಪೇಟೆಯಿಂದ ಬಂದಿದ್ದ ಗಂಡಿನ ಅಜ್ಜಿ ಕುಳ್ಳಮ್ಮ ಬಂದು ಅವಳ ತಲೆ ಸವರಿದರು.

"ದನಿ ಚೆಂದಾಗೈತೆ ಕಣವ್ವ. ನಾಲ್ಗೆ ಇಂಗಾಯ್ತಲ್ಲ ಅಂತ ಕೊರಗ್ಬ್ಯಾಡ," ಎಂದರು. ಆಮೇಲೆ ನನ್ನತ್ತ ಕೈ ತೋರಿಸಿ ಅವಳಿಗೇ ಹೇಳಿದರು, "ನಿನ್ನ ಕೈಬುಡ್ದೆ ಬಾಳುಸ್ತಾವ್ನಲ್ಲ, ದ್ಯಾವ್ರಂತ ಗಂಡ."

ದೇವರಂಥ ನಾನು ಪಾಯಸದ ಎಲೆಯೊಳಗೆ ಮುಖ ಹುದುಗಿಸಿದೆ. ಹೇಮಶ್ರೀ ಬೇಕೆಂದೇ ತೊದಲುತ್ತ ಉತ್ತರಿಸಿದಳು: "ಏನ್ ಮಾಡದಜ್ಜಿ. ನಂಗೆ ನಾಲ್ಗೆ ತರಿಯಿಲ್ಲ, ಇವ್ರಿಗೆ ಕಿವಿ ಕೇಳ್ತಕಿಲ್ಲ. ಅದ್ಕೇ ತಂತಾರ ನಡೀತೈತೆ."

ಅಜ್ಜಿ ಲೊಚಗುಟ್ಟಿದರು. ನನ್ನ ಕಿವಿಯ ಬಳಿ ಬಗ್ಗಿ, ಇಡೀ ಪಂಕ್ತಿಗೆ ಕೇಳುವಂತೆ, ಇನ್ನೊಂದು ಸೌಟು ಪಾಯಸ ಬೇಕಾ ಎಂದು ಕೂಗಿದರು.

ಬೇಡವೆಂದು ನಾನು ಕೈಸನ್ನೆಯಲ್ಲೇ ಹೇಳಿದೆ.