ಬಾದಾಮಿ ಕಾಳು ಮತ್ತು ಹೊಳೆಯ ಸಪ್ಪಳ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಬರೆದು ರೂಢಿಯಿಲ್ಲ, ನಗುವ ಮಾತು ಬರುವ ಮೊದಲೇ ವಿವರಿಸಿ ಕೆಡಿಸುವ ಚಟ ಬೇರೆ. ರೋಣದಲ್ಲಿ ನಾನು ಆಪ್ತಸಮಾಲೋಚಕ, ಅಂದರೆ ಮನಸ್ಸಿನ ನೋವಿಗೆ ಮಾತಿನಿಂದಲೇ ಚಿಕಿತ್ಸೆ ಮಾಡುವವನು. ನನ್ನ ಕೋಣೆಗೆ ಯಾರೂ ಒಬ್ಬರೇ ಬರುವುದಿಲ್ಲ. ಹೀಗಾಗಿ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ.

೧. ಔಷಧ

ಹೊಳೆಆಲೂರಿನ ಅಕ್ಕ ಒಬ್ಬರು ಗಂಡನೊಂದಿಗೆ ಬಂದರು. ಮಲಪ್ರಭೆ ಮನೆಗೆ ನುಗ್ಗಿದ ವರ್ಷದಿಂದ ಹೊಳೆಯ ಸಪ್ಪಳ ಕೇಳಿದರೆ ಅವರಿಗೆ ಮೈ ನಡುಗುತ್ತದೆ, ಸೇತುವೆ ದಾಟಲಾಗದು. ಆಚೆ ದಂಡೆಯ ಊರಲ್ಲಿ ಬಸುರಿ ಮಗಳು. ತಾಯಿಯೇ ಹೋಗಿ ಹಸಿರು ಸೀರೆ ಉಡಿಸಿ, ಕುಬಸ, ಅಂದರೆ ಸೀಮಂತ, ಮಾಡಿ, ಹೆರಿಗೆಗೆ ತವರಿಗೆ ಕರೆತರಬೇಕು.

“ಸಣ್ಣ ಹುಡುಗರಂಗ ಅಂಜತಾಳ್ರಿ,” ಎಂದು ಗಂಡ ನಕ್ಕರು.

ಮಿದುಳಿನಲ್ಲಿ ಬಾದಾಮಿ ಕಾಳಿನಂಥ ಭಾಗವೊಂದಿದೆ, ಅಪಾಯದ ನೆನಪನ್ನು ಅದು ಆರಲು ಬಿಡುವುದಿಲ್ಲ ಎಂದು ವಿವರಿಸಿದೆ. ಬಹಳ ಹೊತ್ತು ವಿವರಿಸಿದೆ.

ಗಂಡ ಯೋಚಿಸಿ ಕೇಳಿದರು: “ಬಾದಾಮಿ ತುಟ್ಟಿ ಆಗ್ತಾವ್ರಿ. ಶೇಂಗಾ ನಡೀತಾವೇನು?”

೨. ಕುಸುಬಿ ಹೊಲ

ಕಣ್ಣು ಮುಚ್ಚಿ, ಅಂಜಿಕೆಯಿಲ್ಲದ ಜಾಗ ನೆನೆಯಿರಿ ಎಂದೆ. ಅಕ್ಕ ಅಬ್ಬಿಗೇರಿಯ ತವರಿನ ಹೊಲಕ್ಕೆ ಹೋದರು. ಎರೆ ಮಣ್ಣಿನ ತಂಪು, ಕುಸುಬಿಯ ಹಳದಿ ಹೂವು, ಗಾಳಿಗೆ ಜೋಳದ ತೆನೆ ಮೆಲ್ಲಗೆ ತೂಗುವುದು... ಅವರ ದನಿ ದೂರ ದೂರ ಸರಿಯಿತು. ನಾನೂ ಆ ಬದುವಿನ ಮೇಲೆ ನಡೆಯುತ್ತಿದ್ದೆ. ಬಿಸಿಲು ಹತ್ತಿಯಷ್ಟು ಹಗುರಾಗಿತ್ತು.

ಎಲ್ಲಿಂದಲೋ ಅಕ್ಕ ಗಂಡನಿಗೆ ಪಿಸುಗುಟ್ಟುವುದು ಕೇಳಿಸಿತು: “ಎಬ್ಬಸಬ್ಯಾಡ್ರಿ. ಸರ್ ಈಗ ನಮ್ಮ ಹೊಲದಾಗ ಅದಾರ.”

೩. ಹಸಿ ಮಣ್ಣು

ನೆನಪನ್ನು ಮತ್ತೆ ತೆರೆದಾಗ ಅದು ಸ್ವಲ್ಪ ಹೊತ್ತು ಹಸಿ ಮಣ್ಣಿನಂತೆ ಮೆತ್ತಗಿರುತ್ತದಂತೆ. ನೆಮ್ಮದಿಯಿಂದ ಕೂತು ಹೇಳಿಕೊಂಡರೆ ಬೇರೆ ಆಕಾರದಲ್ಲಿ ಒಣಗಬಹುದು. ಅಕ್ಕ ಮತ್ತೆ ಮತ್ತೆ ಹೇಳಿದರು: ಅಂಗಳಕ್ಕೆ ಬಂದ ನೀರು, ತೇಲಿದ ಬಿಂದಿಗೆ. ಒಂದು ದಿನ ಥಟ್ಟನೆ ಕಣ್ಣು ತೆರೆದರು.

“ಅವತ್ತ ನನ್ನ ಕೈ ಬಿಟ್ಟು, ಮೊದಲ ಟಿವಿ ಹೊತ್ಕೊಂಡು ಓಡಿದ್ರಿ ನೀವು!”

“ಟಿವಿಗೆ ಈಸಾಕ ಬರ್ತದೇನ?” ಎಂದರು ಗಂಡ.

“ನನಗರ ಬರ್ತದೇನ್ರಿ?”

ಹೊಳೆಯ ಮಾತಾಡುತ್ತ ಅಕ್ಕ ನಕ್ಕಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಂಡ ಮಾತ್ರ ಕಿಟಕಿಯಾಚೆ ನೋಡುತ್ತ ಕೂತರು.

೪. ಸೇತುವೆ

ಇವತ್ತು ಕುಬಸ. ಇಷ್ಟು ಬರೆಯುವಾಗಲೇ ಅಕ್ಕನ ಫೋನು ಬಂತು.

“ಸರ್ರ, ದಾಟೀನ್ರಿ! ಬುಟ್ಟಿ ಹೊತ್ಕೊಂಡು ಈ ದಂಡ್ಯಾಗ ನಿಂತೀನಿ!”

“ಭಾಳ ಚಲೋ ಆತು. ಯಜಮಾನ್ರು?”

“ಆ ದಂಡ್ಯಾಗ ಅದಾರ್ರಿ. ಹೊಳೀ ಸಪ್ಪಳಕ್ಕ ಕಾಲು ಏಳವಲ್ಲವಂತ. ಹೊಳಿ ಮನಿಗೆ ಬಂದಾಗಿನಿಂದ ಒಮ್ಮೀನೂ ದಾಟಿಲ್ಲಂತ ಈಗ ಹೇಳ್ತಾರ. ಲಗೂ ಬರ್ರಿ. ಇಲ್ಲಾಂದ್ರ ಹೇಳ್ರಿ, ಈ ಕಡೆ ಒಂದು ಟಿವಿ ಇಟ್ರ ಬಂದಾರೇನು?”

ಹೊರಟೆ. ಒಂದೇ ಮಾತು ವಿವರಿಸಿಬಿಡುತ್ತೇನೆ: ನಗಿಸುವವರ ತಲೆಯಲ್ಲೂ ಆ ಬಾದಾಮಿ ಕಾಳು ಎಚ್ಚರವಾಗಿಯೇ ಇರುತ್ತದೆ. ಅದು ಅಂಜಿಕೆಯನ್ನು ನಗೆಯ ಹಿಂದೆ ಬಚ್ಚಿಡುವುದು ಹೇಗೆಂದರೆ, ಮೊದಲು... ಮತ್ತೆ ಫೋನು. ಬಂದೆನ್ರಿ, ಬಂದೆ!