ಕಾಕಾನ ಮಾರು, ನನ್ನ ಮಾರು

ಟ್ರ್ಯಾಕ್ಟರ್ ಓಡಿಸಲು ನನಗೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೆ ನನ್ನ ಹೆಂಡತಿ ಮಹಾದೇವಿ ಹೇಳುತ್ತಾಳೆ, ಅವಳು ಹೇಳಿದರೆ ಜೊತೆಗೆ ಇನ್ನೂ ನಾಲ್ಕು ಸೇರುತ್ತವೆ. ಆದರೆ ಕಣ್ಣು ಮುಚ್ಚಿದೆನೆಂದರೆ ನಾನು ಓಡಿಸದ ಟ್ರ್ಯಾಕ್ಟರೇ ಇಲ್ಲ. ಊಟವಾದ ಮೇಲೆ ಕೆಲವರಿಗೆ ಎಲೆ ಅಡಿಕೆ ಬೇಕು, ಕೆಲವರಿಗೆ ಬೀಡಿ ಬೇಕು. ನನಗೆ ಒಂದು ಟ್ರ್ಯಾಕ್ಟರಿನ ಕನಸು ಬೇಕು. ಈ ಚಟ ಹತ್ತಿದ್ದು ತಾಂಡೂರಿನಲ್ಲಿ. ಅಲ್ಲಿಯ ಒಂದು ಅಡತಿ ಅಂಗಡಿಯಲ್ಲಿ ಕೆಲವು ವರ್ಷ ತೊಗರಿಯ ತೂಕ ಬರೆಯುವ ಕೆಲಸ ಮಾಡಿದೆ. ಸುಗ್ಗಿಯಲ್ಲಿ ನಸುಕಿಗೇ ಟ್ರ್ಯಾಕ್ಟರುಗಳು ಬಂದು ಸಾಲಾಗಿ ನಿಲ್ಲುತ್ತಿದ್ದವು. ಮಂಜಿನಲ್ಲಿ ಮೊದಲು ದೀಪ ಕಾಣುತ್ತಿತ್ತು, ಆಮೇಲೆ ಸದ್ದು ಕೇಳುತ್ತಿತ್ತು, ಎಲ್ಲಕ್ಕೂ ಕೊನೆಗೆ ಕಂಬಳಿ ಹೊದ್ದ ಒಬ್ಬ ಮನುಷ್ಯ ಕಾಣುತ್ತಿದ್ದ. ಆ ಕಂಬಳಿಯೊಳಗೆ ನನ್ನನ್ನೇ ಕೂರಿಸಿಕೊಂಡು ನೋಡುತ್ತಿದ್ದರೆ, ಎದುರಿನ ಚೀಲ ತಕ್ಕಡಿಯಿಂದ ಯಾವಾಗಲೋ ಇಳಿದು ಹೋಗಿರುತ್ತಿತ್ತು. “ಏ ಸಾಹುಕಾರ, ನಿದ್ದಿ ಹತ್ಯದೇನು?” ಎಂದು ಹಮಾಲರು ಕೂಗುತ್ತಿದ್ದರು. ನಿದ್ದೆ ಹತ್ತಿರಲಿಲ್ಲ. ನಾನು ಆಗ ನಮ್ಮ ಹೊಲದಲ್ಲಿ, ಹಳದಿ ಹೂ ಬಿಟ್ಟ ತೊಗರಿಯ ಪಕ್ಕದಲ್ಲಿ, ಎರಡನೇ ಗೇರಿನಲ್ಲಿ ಹೋಗುತ್ತಿದ್ದೆ.

ನಮ್ಮ ಹೊಲ ಬಶೀರಾಬಾದ್ ಕಡೆ. ದೊಡ್ಡದೇನಲ್ಲ, ಈ ಬದುವಿನಲ್ಲಿ ನಿಂತು ಕೂಗಿದರೆ ಆ ಬದುವಿನಲ್ಲಿದ್ದವರು ಬೈಯುವುದು ಕೇಳಿಸುತ್ತದೆ. ಕಪ್ಪು ಎರೆಮಣ್ಣು. ಈ ಮಣ್ಣಿಗೆ ಒಂದು ಹಟವಿದೆ. ಜೂನಿನಲ್ಲಿ ಮಿರಗದ, ಅಂದರೆ ಮೃಗಶಿರಾ, ಮಳೆ ಬಿದ್ದು, ಮೇಲೆ ಸ್ವಲ್ಪ ಆರಿ, ಒಳಗೆ ಹಸಿ ಇರುವ ಎರಡು ಮೂರು ದಿನಗಳಲ್ಲಿ ಬಿತ್ತಿದರೆ ಬಿತ್ತಿದಂತೆ. ತಡವಾದರೆ ಒಣಗಿ ಹೆಂಟೆಯಾಗುತ್ತದೆ, ಇಲ್ಲವೇ ಮುಂದಿನ ಮಳೆ ಬಂದು ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಕೆಸರಾಗುತ್ತದೆ. ಎತ್ತುಗಳಿದ್ದಾಗ ನಾವು ಆ ಹಸಿಯನ್ನು ತಪ್ಪಿಸಿಕೊಂಡವರಲ್ಲ. ಅವು ಹೋದ ಮೇಲೆ ಬಾಡಿಗೆ ಟ್ರ್ಯಾಕ್ಟರಿಗೆ ಕಾಯುವ ಪಾಳಿ ಬಂತು. ಬಾಡಿಗೆಯವನು ಒಳ್ಳೆಯವನೇ. “ಈಗ ಬಂದೆ ನೋಡ್ರಿ” ಅನ್ನುತ್ತಿದ್ದ, ಊರಿನವರೆಲ್ಲರ ಹೊಲ ಮುಗಿಸಿ ಕಡೆಗೆ ಬರುತ್ತಿದ್ದ. ಹೋದ ಸಲ ಬಿತ್ತಿದ್ದು ಕೆಸರಿನಲ್ಲಿ, ಹುಟ್ಟಿದ್ದು ಅರ್ಧ. ಮಹಾದೇವಿ ಬದುವಿನ ಮೇಲೆ ನಿಂತು ಬೋಳು ಸಾಲುಗಳನ್ನು ನೋಡಿ ಅತ್ತಳು. ಅವಳು ಅಳುವ ಪೈಕಿಯಲ್ಲ, ಅಳಿಸುವ ಪೈಕಿ. ಅದಕ್ಕೇ ನನಗೆ ಹೆದರಿಕೆಯಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು: “ಮುಂದಿನ ಮಿರಗಕ್ಕ ನಾ ಯಾರ ಬಾಗಿಲಿಗೂ ಹೋಗಂಗಿಲ್ಲ. ನಮ್ಮ ಹಸಿಯಾಗ ನಾವೇ ಬಿತ್ತಬೇಕು. ನೀವು ಟ್ರ್ಯಾಕ್ಟರ್ ತರ್ರಿ, ನಾ ಓಡಸ್ತೀನಿ.”

ಅವಳಿಗೆ ಓಡಿಸಲು ಬರುತ್ತದೆ. ತವರು ನಾರಾಯಣಖೇಡದ ಕಡೆ. ಅಣ್ಣನ ಟ್ರ್ಯಾಕ್ಟರಿನ ಮೇಲೆ ಕಲಿತವಳು. ಹೀಗೆ ಆರಿಸಿ ತರುವುದು ನನ್ನ ಪಾಲಿಗೆ, ಓಡಿಸುವುದು ಅವಳ ಪಾಲಿಗೆ ಬಂತು. ನನಗಂತೂ ಹೋಳಿಗೆಯ ಮೇಲೆ ತುಪ್ಪ ಬಿದ್ದಂತಾಯಿತು. ಆದರೆ ಆರಿಸುವುದೆಂದರೆ ಸುಮ್ಮನೆಯೇ? ಜಹೀರಾಬಾದಿನ ಕಡೆ ಕಬ್ಬು ಬೆಳೆಯುವ ನೆಂಟರು “ತಗೊಂಡ್ರ ದೊಡ್ಡದೇ ತಗೋ, ಗುಡ್ಡ ಜಗ್ಗಬೇಕು” ಅಂದರು. ನಮ್ಮ ಹೊಲದಲ್ಲಿ ಜಗ್ಗಬೇಕಾದ ಗುಡ್ಡ ಯಾವುದೂ ಇಲ್ಲ ಅನ್ನುವುದು ಆ ಹೊತ್ತಿಗೆ ನೆನಪಾಗಲಿಲ್ಲ. ಮಹಾದೇವಿಯ ಅಣ್ಣ “ಸಣ್ಣದು ಸಾಕ್ರಿ, ಎಣ್ಣಿ ಕಡಿಮಿ ಕುಡಿತದ” ಅಂದ. ನಾನು ಎರಡನ್ನೂ ಕನಸಿನಲ್ಲಿ ಪರೀಕ್ಷೆ ಮಾಡಿದೆ. ದೊಡ್ಡದರ ಮೇಲೆ ಕುಳಿತು ಸಂಜೆಯ ಧೂಳಿನಲ್ಲಿ ಊರೊಳಗೆ ಬಂದರೆ, ಕಟ್ಟೆಯ ಮೇಲೆ ಕುಳಿತವರೆಲ್ಲ ಎದ್ದು ನಿಂತರು. ಸಣ್ಣದರ ಮೇಲೆ ಬಂದರೆ ಕನಸಿನಲ್ಲಿಯೂ ಒಬ್ಬನೂ ಏಳಲಿಲ್ಲ. ಅಂದಮೇಲೆ ದೊಡ್ಡದೇ ಆಗಬೇಕೆಂದು ಮನಸ್ಸಿನಲ್ಲಿ ನಿಶ್ಚಯವಾಯಿತು. ಮಹಾದೇವಿ ಮಾತ್ರ, “ನಿಮ್ಮ ಒಬ್ಬರ ಕೈಯಾಗ ಬಿಟ್ರ ಬಣ್ಣಾ ನೋಡಿ ತರ್ತೀರಿ, ಶರಣಪ್ಪ ಮಾವಾರನ್ನ ಕರಕೊಂಡು ಹೋಗೋಣು” ಅಂದಳು.

ಶರಣಪ್ಪ ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಆರಡಿ ಮೀರಿದ ಆಳು. ಪಕ್ಕದಲ್ಲಿ ನಿಂತರೆ ನಾನು ಅವರ ಭುಜಕ್ಕೆ ಬರುತ್ತೇನೆ. ಒಂದು ಕಾಲಕ್ಕೆ ಸುತ್ತಲಿನ ಊರುಗಳಲ್ಲಿ ಯಾರು ಎತ್ತು ಕೊಳ್ಳಬೇಕಾದರೂ ಮೊದಲು ಕಾಕಾನ ಮನೆಗೆ ಬಂದು ಚಹಾ ಕುಡಿದು ಕರೆದುಕೊಂಡು ಹೋಗುತ್ತಿದ್ದರು. ಈಗ ಎತ್ತೂ ಇಲ್ಲ, ಕರೆಯುವವರೂ ಇಲ್ಲ. ನಾನು ಹೋಗಿ ಕರೆದಾಗ ಅವರ ಮುಖ ಅರಳಿದ್ದನ್ನು ನೋಡಿ ನನಗೆ ಒಳಗೇ ಸಂತೋಷವಾಯಿತು. ಗೂಟದಲ್ಲಿದ್ದ ಹಳದಿ ರುಮಾಲನ್ನು ಜಾಡಿಸಿ ಸುತ್ತಿಕೊಂಡು, “ನಡಿ ತಮ್ಮಾ, ಮಾಲ್ ನೋಡೋಣು” ಅಂದರು.

ತಾಂಡೂರಿನ ಅಂಗಡಿಯಲ್ಲಿ ಮೂರು ಟ್ರ್ಯಾಕ್ಟರ್ ನಿಂತಿದ್ದವು: ದೊಡ್ಡದು, ಸಣ್ಣದು, ನಡುವಿನದು. ಮಾರುವ ಹುಡುಗ ನಮಸ್ಕಾರ ಮಾಡಿ, ಅಶ್ವಶಕ್ತಿ ಎಷ್ಟು, ಗೇರು ಎಷ್ಟು, ಎತ್ತುವ ಭಾರ ಎಷ್ಟು ಎಂದು ತೆಲುಗು, ಉರ್ದು, ಕನ್ನಡ ಮೂರನ್ನೂ ಕಲಸಿ ಹೇಳತೊಡಗಿದ. ಕಾಕಾ ಕೈ ಎತ್ತಿ ನಿಲ್ಲಿಸಿದರು. “ಮೊದಲ ಇವನ್ನ ಹೊರಗ ಬಿಸಿಲಿಗಿ ತಾ. ನೆಳ್ಳಾಗ ನಿಂತ ಎತ್ತು ಎಲ್ಲಾ ಒಂದೇ ಕಾಣ್ತಾವ.” ಹುಡುಗ ನನ್ನ ಮುಖ ನೋಡಿದ, ನಾನು ಆಕಾಶ ನೋಡಿದೆ. ಮೂರೂ ಬಿಸಿಲಿಗೆ ಬಂದವು. ಕಾಕಾ ದೂರ ಹೋಗಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು, ಹತ್ತಿರ ಬಂದು ಬಾನೆಟ್ಟಿನ ಮೇಲೆ ಚಪ್ಪರಿಸಿದರು, ಹಿಂದೆ ಹೋಗಿ ಬಗ್ಗಿ ನೋಡಿದರು. “ಹೆಜ್ಜಿ ಹಾಕ್ಸು” ಅಂದರು. ಹುಡುಗ ಒಂದೊಂದನ್ನೇ ಅಂಗಳದಲ್ಲಿ ಓಡಿಸಿ ತೋರಿಸಿದ. “ಕಾಕಾ, ಹಲ್ಲು ಒಂದು ಇಲ್ರಿ ಇವಕ್ಕ, ಇದ್ದಿದ್ರ ಅದೂ ತೋರಿಸ್ತಿದ್ದೆ” ಅಂದ. ಕಾಕಾ ನಗಲಿಲ್ಲ. “ದೊಡ್ಡದು ನಮ್ಮ ಎರಿ ಮಣ್ಣಾಗ ಹಸಿ ಇದ್ದಾಗ ಕುಸಿತದ. ಸಣ್ಣದು ಕೂರಿಗಿ ಎತ್ತಾಕ ಏದುಸಿರು ಬಿಡ್ತದ. ನಡುವಿನದು ಬರೋಬ್ಬರಿ ಅದ” ಅಂದರು. ಮಹಾದೇವಿ ಆಗಲೇ ನಡುವಿನದನ್ನು ಹತ್ತಿ, ಕ್ಲಚ್ ತುಳಿದು, ಹಿಂದೆ ಮುಂದೆ ಮಾಡಿ ಇಳಿದಿದ್ದಳು. “ಇದು ನನ್ನ ಮಾತು ಕೇಳ್ತದ್ರಿ ಮಾವಾರ” ಅಂದಳು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಉಪಯೋಗವಿರಲಿಲ್ಲ. ನಾನು ದೊಡ್ಡದರ ಸೀಟಿನ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದೆ, ಕಟ್ಟೆಯ ಜನ ಏಳುತ್ತಿದ್ದರು.

ಇಲ್ಲಿ ನಮ್ಮ ಹೊಲದ ಬಾಗಿಲಿನ ವಿಷಯ ಹೇಳಬೇಕು. ನಮ್ಮ ಕಡೆ ನೆಲ ಅಗೆದರೆ ಪರಸಿ ಕಲ್ಲು; ಮನೆಗೆ ಹಾಸುವುದೂ ಅದೇ, ಹೊಲಕ್ಕೆ ಬೇಲಿಯಾಗಿ ನಿಲ್ಲಿಸುವುದೂ ಅದೇ. ಮೊದಲು ಬಾಡಿಗೆ ಟ್ರ್ಯಾಕ್ಟರ್ ಪಕ್ಕದ ಹೊಲದ ಬದು ದಾಟಿ ಬರುತ್ತಿತ್ತು. ಈ ಬೇಸಿಗೆಯಲ್ಲಿ ಪಕ್ಕದವರು ಆ ಬದುವಿನುದ್ದಕ್ಕೂ ಕಲ್ಲು ನಿಲ್ಲಿಸಿಬಿಟ್ಟರು. ಉಳಿದದ್ದು ನಮ್ಮದೇ ಹಳೆಯ ಬಾಗಿಲು, ಎತ್ತಿನ ಬಂಡಿಗೆಂದು ಕಾಕಾ ಹುಗಿದು ನಿಲ್ಲಿಸಿದ ಎರಡು ದಪ್ಪ ಪರಸಿಗಳ ನಡುವಿನ ದಾರಿ. ಹೊಸ ಟ್ರ್ಯಾಕ್ಟರ್ ಅದರೊಳಗೆ ಹಿಡಿಸಬೇಕು. “ಅಳತಿ ತಗೊಂಡು ಬರ್ರಿ” ಎಂದು ಮಹಾದೇವಿ ಹೇಳಿದ್ದಳು, ಅಂದೇ ಬೆಳಿಗ್ಗೆ ನಾನು ಹೋಗಿ ಅಳೆದಿದ್ದೆ. ನಮ್ಮಲ್ಲಿ ಹಗ್ಗ, ಬಾವಿ, ಬಣವೆ ಎಲ್ಲಕ್ಕೂ ಅಳತೆ ಮಾರು. ಎರಡೂ ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಬಾಗಿಲು ಒಂದು ಮಾರು ಒಂದು ಗೇಣು ಬಂದಿತ್ತು. ಈಗ ಅಂಗಡಿಯಲ್ಲಿ ಟ್ರ್ಯಾಕ್ಟರನ್ನು ಅಳೆಯಬೇಕಾದಾಗ ನಾನು ದೊಡ್ಡದರ ಮೇಲೆ ಕನಸಿನಲ್ಲಿದ್ದೆನಲ್ಲ, ಕಾಕಾನೇ ನಡುವಿನದರ ಹಿಂದೆ ನಿಂತು ಕೈ ಚಾಚಿದರು. ಹುಡುಗ, “ಟೇಪ್ ಅದ ಕಾಕಾ, ತರ್ಲ್ಯಾ?” ಅಂದ. “ಎತ್ತಿಗಿ ಟೇಪ್ ಹಿಡಿತಾರೇನೋ ಹುಚ್ಚಾ?” ಎಂದು ಕಾಕಾ ಗದರಿಸಿ, “ಬರೋಬ್ಬರಿ ಒಂದು ಮಾರು!” ಎಂದು ಸಾರಿದರು. ನಾನು ಕಣ್ಣು ಬಿಟ್ಟು, “ಬಾಗಿಲು ಒಂದು ಮಾರು ಒಂದು ಗೇಣು” ಅಂದೆ. “ಅಂದ್ರ ಗೇಣು ಉಳೀತು. ಆತು, ಮುಗೀತು” ಅಂದರು ಕಾಕಾ. ಮೂವರೂ ಖುಷಿಯಿಂದ ಚಹಾ ಕುಡಿದೆವು.

ಟ್ರ್ಯಾಕ್ಟರ್ ಮನೆಗೆ ಬಂತು. ಹೊಸ ಎತ್ತಿಗೆ ಮಾಡುವಂತೆ ಗಾಲಿಗಳಿಗೆ ನೀರು ಹಾಕಿ, ಕುಂಕುಮ ವಿಭೂತಿ ಹಚ್ಚಿ, ಕಾಯಿ ಒಡೆದೆವು. ಹೋಳಿಗೆಯನ್ನು ಎಲ್ಲಿ ತಿನ್ನಿಸಬೇಕೆಂದು ತಿಳಿಯದೆ ಕಾಕಾ ಅದನ್ನು ಬಾನೆಟ್ಟಿನ ಮೇಲಿಟ್ಟು ಕೈಮುಗಿದರು. ಆಮೇಲೆ ನಾನು ತಿಂದೆ. ಬಿತ್ತುವ ಕೂರಿಗೆಯನ್ನು ಎರವಲು ತಂದ ಬಂಡಿಯ ಮೇಲೆ ಉದ್ದಕ್ಕೆ ಹೇರಿ ಮುಂಚೆಯೇ ಹೊಲದೊಳಗೆ ಇಟ್ಟಿದ್ದೆವು. ಮಿರಗದ ಮಳೆ ಚೆನ್ನಾಗಿ ಬಿತ್ತು. ಹೊಲ ಆರಿತು. ಮಹಾದೇವಿ ಒಂದು ಹಿಡಿ ಮಣ್ಣು ಹಿಸುಕಿ ನೋಡಿ, “ಇವತ್ತೇ” ಅಂದಳು. ಬೆಳಗಿನ ತಂಪಿನಲ್ಲಿ ಅವಳು ಮೇಲೆ, ನಾನು ಪಕ್ಕದ ಮಡ್‌ಗಾರ್ಡಿನ ಮೇಲೆ, ಕಾಕಾ ಹಿಂದಿನಿಂದ ನಡೆದುಕೊಂಡು ಹೊರಟೆವು. ಮಣ್ಣಿನ ವಾಸನೆ, ಇಂಜಿನ್ನಿನ ಗುನುಗು, ಕಟ್ಟೆಯ ಮೇಲಿನ ಜನ. ಒಬ್ಬ ನಿಜವಾಗಿಯೂ ಎದ್ದು ನಿಂತ. ಅವನ ಎಮ್ಮೆ ಹಗ್ಗ ಹರಿದುಕೊಂಡಿತ್ತಂತೆ, ಆಮೇಲೆ ತಿಳಿಯಿತು. ಆದರೆ ಆ ಕ್ಷಣಕ್ಕೆ ನನ್ನ ಜನ್ಮ ಸಾರ್ಥಕವಾಗಿತ್ತು.

ಬಾಗಿಲಿಗೆ ಬಂದು ಟ್ರ್ಯಾಕ್ಟರ್ ನಿಂತಿತು. ಮುಂದಿನ ಗಾಲಿಗಳು ಒಳಗೆ ಹೋದವು. ಹಿಂದಿನವು ಎರಡೂ ಕಡೆ ಕಲ್ಲಿಗೆ ಕಚ್ಚಿಕೊಂಡವು. ಇನ್ನೆರಡು ಬೆರಳು ಜಾಗವಿದ್ದಿದ್ದರೆ ದಾಟುತ್ತಿತ್ತು. ಮಹಾದೇವಿ ಹಿಂದೆ ತೆಗೆದು ಇನ್ನೊಮ್ಮೆ ನೇರ ಮಾಡಿ ತಂದಳು, ಮತ್ತೆ ಅದೇ. “ಗೇಣು ಉಳೀತದ ಅಂದಿದ್ರಲ್ರಿ?” ಎಂದು ನನ್ನ ಕಡೆ ತಿರುಗಿದಳು. “ಬಾಗಿಲು ಒಂದು ಮಾರು ಒಂದು ಗೇಣು, ಖರೇ ಅದ” ಎಂದು ನಾನು ಕೆಳಗಿಳಿದು ಕೈ ಚಾಚಿ ತೋರಿಸಿದೆ. “ನಾ ಸುಳ್ಳು ಹೇಳಿನೇನು? ಇದು ಒಂದು ಮಾರೇ ಅದ” ಎಂದು ಕಾಕಾ ಟ್ರ್ಯಾಕ್ಟರಿನ ಹಿಂದೆ ನಿಂತು ಕೈ ಚಾಚಿದರು. ಹೀಗೆ ಇಬ್ಬರೂ ಬೆಳಗಿನ ಬಿಸಿಲಿನಲ್ಲಿ ಬೆದರುಗೊಂಬೆಗಳ ಹಾಗೆ ನಿಂತೆವು. ಮೇಲಿನಿಂದ ಮಹಾದೇವಿ ಮೊದಲು ಅವರ ಕೈ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. “ಅಯ್ಯ ಶಿವನೆ! ಮಾವಾರ ಕೈಯೆಲ್ಲಿ, ನಿಮ್ಮ ಕೈಯೆಲ್ಲಿ! ಇಬ್ಬರ ಮಾರು ಒಂದೇ ಏನ್ರಿ?” ಎಂದು ಹಣೆ ಬಡಿದುಕೊಂಡು ನಗತೊಡಗಿದಳು. ನಗುತ್ತಲೇ ಬಶೀರಾಬಾದಿನ ದಿಕ್ಕಿಗೆ ನೋಡಿದವಳು ತಟ್ಟನೆ ಇಂಜಿನ್ ಆರಿಸಿ ಕೆಳಗಿಳಿದಳು. ಅಲ್ಲಿ ಮೋಡ ಕಪ್ಪಗೆ ಕಟ್ಟುತ್ತಿತ್ತು. ಇನ್ನೊಂದು ಮಳೆ ಬಿದ್ದರೆ ಈ ಸಲವೂ ಕೆಸರು, ಈ ಸಲವೂ ಬೋಳು ಸಾಲು.

ಒಂದು ಕಲ್ಲು ಕೀಳದೆ ದಾರಿಯಿರಲಿಲ್ಲ. ಆದರೆ ಹಾಗೆಂದು ಬಾಯಿಬಿಟ್ಟು ಹೇಳಲು ನನಗೂ ಆಗಲಿಲ್ಲ, ಮಹಾದೇವಿಗೂ ಆಗಲಿಲ್ಲ. ಎಡಗಡೆಯ ಪರಸಿಯಲ್ಲಿ ನನ್ನ ಎದೆಯ ಎತ್ತರಕ್ಕೆ ಒಂದು ನುಣುಪಾದ ಜಾಗವಿದೆ. ಹೊಲದಿಂದ ಹೊರಗೆ ಬರುವಾಗ ಕಾಕಾನ ಎತ್ತುಗಳು ಪ್ರತಿ ಸಂಜೆ ನಿಂತು ಕುತ್ತಿಗೆ ತಿಕ್ಕಿಕೊಳ್ಳುತ್ತಿದ್ದ ಜಾಗ ಅದು. ಕಾಕಾ ಅದರ ಮೇಲೆ ಅಂಗೈ ಇಟ್ಟು ಸವರಿದರು. ನನ್ನ ಆ ಹಾಳು ಕನಸು ಇಲ್ಲದಿದ್ದರೆ ಬಾಗಿಲು ಅಳೆದ ಕೈಯೇ ಟ್ರ್ಯಾಕ್ಟರನ್ನೂ ಅಳೆಯುತ್ತಿತ್ತು. ಕಾಕಾ ತಿರುಗಿ, “ಯಾಕ ನಿಂತೀರಿ? ಮಳಿ ನಿಮ್ಮ ಸಲುವಾಗಿ ನಿಲ್ತದೇನು? ಸರಪಳಿ ಕಟ್ರಿ. ಎತ್ತು ಇದ್ದಿದ್ರ ಅವೂ ಇದನ್ನೇ ಅಂತಿದ್ದವು, ಮೊದಲ ಬಿತ್ತಿಗಿ ಆಗ್ಲಿ ಅಂತ” ಅಂದರು. ಬುಡದ ಮಣ್ಣನ್ನು ಹಾರೆಯಿಂದ ಅವರೇ ಸಡಿಲ ಮಾಡಿದರು. ಹೊಸ ಟ್ರ್ಯಾಕ್ಟರ್ ನಮ್ಮ ಮನೆಗೆ ಬಂದು ಮಾಡಿದ ಮೊದಲ ಕೆಲಸ, ಹಳೆಯ ಎತ್ತುಗಳ ಕಲ್ಲನ್ನು ಮೆಲ್ಲಗೆ, ಮುರಿಯದಂತೆ, ಎಳೆದು ತೆಗೆದದ್ದು.

ಬಿತ್ತನೆ ಆಯಿತು. ನಮ್ಮ ಹಸಿಯಲ್ಲಿ ನಾವೇ ಬಿತ್ತಿದೆವು. ಕೊನೆಯ ಸುತ್ತಿಗೆ ಮಹಾದೇವಿ ಇಳಿದು, “ಬರ್ರಿ, ನೀವೂ ಒಂದು ಸಾಲು ಹೋಗ್ರಿ, ಆಸಿ ಯಾಕ ಉಳೀಬೇಕು” ಎಂದು ನನ್ನನ್ನು ಕೂರಿಸಿದಳು. ಮುಂದೆ ಮೋಡ, ಕೆಳಗೆ ಕಪ್ಪು ನೆಲ, ಕೈಯಲ್ಲಿ ಚಕ್ರ. ಕಣ್ಣು ತೆರೆದೇ ಇತ್ತು, ಆದರೂ ಎಲ್ಲಿಗೋ ಹೋಗಿಬಿಟ್ಟೆ. ಅವರಿಬ್ಬರೂ ಕೂಗಿದಾಗ ಪಕ್ಕದವರ ಕಲ್ಲುಬೇಲಿ ಮೂಗಿನ ತುದಿಯಲ್ಲಿತ್ತು. ಹೇಗೋ ನಿಲ್ಲಿಸಿ ಇಳಿಯುವಷ್ಟರಲ್ಲಿ ಮಳೆ ಬಂತು. ವಾರ ಕಳೆದು ತೊಗರಿ ಹುಟ್ಟಿದಾಗ ಇಡೀ ಹೊಲ ದಾರ ಹಿಡಿದಂತೆ ನೆಟ್ಟಗಿದ್ದು, ಕಡೆಯ ಸಾಲುಗಳು ಮಾತ್ರ ನದಿ ಹರಿದ ಹಾಗೆ ಬಳುಕಿ ಹೋಗಿದ್ದವು. ದಾರಿಯಲ್ಲಿ ಹೋಗುವವರೆಲ್ಲ ನಿಂತು, “ಇದು ಯಾರ ಬಿತ್ತಿಗಿರಿ?” ಎಂದು ಕೇಳುತ್ತಾರೆ. ಮಹಾದೇವಿ ಬಾಯಲ್ಲಿ ಹೇಳುವುದಿಲ್ಲ, ಬೆರಳು ತೋರಿಸುತ್ತಾಳೆ.

ಕಿತ್ತ ಕಲ್ಲನ್ನು ಹೊಲದ ಬೇವಿನ ಮರಕ್ಕೆ ಆನಿಸಿ, ಮೊದಲಿನಷ್ಟೇ ಹುಗಿದು ನಿಲ್ಲಿಸಿದ್ದೇವೆ. ಮಧ್ಯಾಹ್ನ ಅವಳು ಟ್ರ್ಯಾಕ್ಟರಿನ ಮೇಲಿದ್ದರೆ ನಾನು ಆ ಕಲ್ಲಿನ ಬುಡದಲ್ಲಿ ಒರಗಿ ಕೂರುತ್ತೇನೆ. ಮೊನ್ನೆ ಬೆನ್ನು ತುರಿಸಿತು. ಎದ್ದು ನಿಂತು ಕಲ್ಲಿಗೆ ಬೆನ್ನು ಕೊಟ್ಟು ತಿಕ್ಕಿದೆ. ಏನು ಹೇಳಲಿ, ಆ ನುಣುಪು ಜಾಗ ಬರೋಬ್ಬರಿ ನನ್ನ ಬೆನ್ನಿಗೆ ಕೂತಿತು. ಎಂಥ ಸುಖ ಅಂತೀರಿ! ಕಣ್ಣು ತಾನಾಗಿಯೇ ಮುಚ್ಚಿತು. ತೆರೆದು ನೋಡಿದರೆ ಕಾಕಾ ಹತ್ತು ಹೆಜ್ಜೆ ದೂರದಲ್ಲಿ, ಹಣೆಗೆ ಕೈ ಅಡ್ಡ ಹಿಡಿದುಕೊಂಡು, ನನ್ನನ್ನು ತಲೆಯಿಂದ ಕಾಲಿನ ತನಕ ನೋಡುತ್ತಾ ನಿಂತಿದ್ದರು. “ತಮ್ಮಾ,” ಅಂದರು, “ಸ್ವಲ್ಪ ಬಿಸಿಲಿಗಿ ಬಾ, ನೋಡ್ತೀನಿ.” ನಾನು ಕೇಳಿಸದವನಂತೆ ಮತ್ತೆ ಕಣ್ಣು ಮುಚ್ಚಿಕೊಂಡೆ.