ಬಾಯಲ್ಲೇ ಮುಗಿಯುವ ಸೀರೆ

ನಾರಾಯಣಪೇಟೆಯಲ್ಲಿ ಮಗ್ಗ ಮುಟ್ಟದೆ ಸೀರೆ ನೇಯುವವನು ಒಬ್ಬನೇ, ಅವನು ನನ್ನ ಮೈದುನ. ಸುಳ್ಳೆನ್ನುವವರು ಬಂದು ನೋಡಲಿ. ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂರುತ್ತಾನೆ. ಅಂಚಿನ ಬಣ್ಣ ಯಾವುದು, ಒಡಲಿನ ಚೌಕುಳಿ ಎಷ್ಟಗಲ, ಸೆರಗು ಹೇಗೆ, ಎಲ್ಲವನ್ನೂ ಬಾಯಲ್ಲೇ ಹೇಳಿ ಮುಗಿಸುತ್ತಾನೆ. ಅಲ್ಲಿಯವರೆಗೆ ಯಾರೂ ಲಾಳಿ ಮುಟ್ಟುವಂತಿಲ್ಲ. ಕೆಲವು ವರ್ಷಗಳಿಂದ ನೇಯುವುದನ್ನೂ ನನ್ನ ತಲೆಗೇ ಕಟ್ಟಿದ್ದಾನೆ, ಸೋಮಾರಿ.

“ಹೇಳಾದು ಬ್ಯಾರೆ, ನೇಯಾದು ಬ್ಯಾರೆ, ಅತ್ತಿಗಿ,” ಎನ್ನುತ್ತಾನೆ. ನಮ್ಮಲ್ಲಿ ಮಗ್ಗಕ್ಕೆ ಒಮ್ಮೆ ಹಾಸುನೂಲು ಏರಿಸಿದರೆ ಎಂಟು ಸೀರೆ ಇಳಿಯುತ್ತವೆ. ಯೋಚಿಸದೆ ಕೂತರೆ ಒಬ್ಬನ ತಪ್ಪನ್ನು ಎಂಟು ಹೆಂಗಸರು ಉಡಬೇಕು. ಅದು ಸರಿ. ಆದರೆ ಇವನು ಅಡುಗೆಯನ್ನಾದರೂ ಬಿಡಬೇಕಲ್ಲ! ಒಲೆ ಹಚ್ಚುವ ಮೊದಲು ಊಟ ಪೂರ್ತಿ ಹೇಳಬೇಕು. ಒಮ್ಮೆ ಹೇಳುತ್ತ ಹೋದೆ, ನೋಡಿದರೆ ಮನೆಯಲ್ಲಿ ಬೇಳೆಯೇ ಇಲ್ಲ. “ನೋಡ್ರಿ, ಒಲಿ ಹಚ್ಚಿದ್ದಿಲ್ಲ, ಕಟಗಿ ಉಳೀತು,” ಎಂದ. ಕಟ್ಟಿಗೆಯನ್ನು ತಿನ್ನಲಾಗುತ್ತದೆಯೇ?

ಮಕ್ತಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಅಳಿಯ ಇದನ್ನು ಕೇಳಿ ನಕ್ಕ. “ನಮ್ಮ ಕಂಪ್ಯೂಟರಿನಾಗೂ ಹಂಗ ಐತ್ರಿ ಅತ್ತಿ. ಯಾವ್ಯಾವ ಪ್ರೋಗ್ರಾಮ್ ಬೇಕಂತ ಬರದು ಕೊಟ್ರ ಮೊದಲ ಎಲ್ಲಾ ಓದಿ ಲೆಕ್ಕ ಹಾಕತೈತಿ. ಅವನ್ನ ಕಟ್ಟಾದು ಆಮ್ಯಾಲೆ. ಅದನ್ನ ಬ್ಯಾರೆ ಊರಿನ ಮಷೀನ್ ಕಟ್ಟಿದ್ರೂ ನಡೀತೈತಿ.”

“ಅದೂ ಮಂದೀನ ಉಪಾಸ ಕೆಡವತೈತೇನು?” ಎಂದೆ.

ತೆಲಂಗಾಣ ಬಂದ ವರ್ಷ ಮೈದುನನ ಮಗಳಿಗೆ ಮದುವೆ ಗೊತ್ತಾಯಿತು. ತಾಯಿಯಿಲ್ಲದ ಹುಡುಗಿ, ಅಪ್ಪನ ಮಗ್ಗದ ಸೀರೆಯನ್ನೇ ಉಟ್ಟು ಮಂಟಪದಲ್ಲಿ ಅಕ್ಕಿಕಾಳಿಗೆ ನಿಲ್ಲುತ್ತೇನೆ ಎಂದಳು. ಇವನು ಕಟ್ಟೆ ಹತ್ತಿ ಕಣ್ಣು ಮುಚ್ಚಿದ. ಬೀದಿಯಲ್ಲಿ ಗುಲಾಲು ಹಾರಿತು, ರಾಜ್ಯವೇ ಬೇರೆಯಾಯಿತು, ಸೀರೆ ಇನ್ನೂ ಬಾಯಲ್ಲೇ ಇತ್ತು.

ಮಗಳಿಗೆ ದಿಗಿಲಾಯಿತು. “ಅಪ್ಪಾ, ಗೇಣು ಅಂಚು ನೇಯಿ. ಅದನ್ನ ನೋಡಿ ಮುಂದಿಂದು ಹೇಳು.”

“ಆಗಂಗಿಲ್ಲವ್ವ. ಹಂಗ ಮಾಡಿದ್ರ ಬಾಯಿ ಮಗ್ಗದ ದಾರಿ ಕಾಯತೈತಿ, ಮಗ್ಗ ಬಾಯಿ ದಾರಿ ಕಾಯತೈತಿ. ಮದುವಿ ಯಾವಾಗ?”

ಹುಡುಗಿ ಅತ್ತಳು. “ಗದ್ವಾಲದಾಗ ತಯಾರ್ ಸೀರಿ ಸಿಗತಾವು, ನಾ ತರತೀನಿ, ನೀ ಕಟ್ಟೀ ಮ್ಯಾಲೇ ಬಿದ್ದಿರು,” ಎಂದು ನಾನೂ ಬೈದೆ. ಮರುದಿನ ಬೆಳಿಗ್ಗೆ ಅವನು ಸೆರಗಿನ ತುದಿಯವರೆಗೆ ಹೇಳಿ ಮುಗಿಸಿದ. ನಾನು ಮಗ್ಗಕ್ಕೆ ಕೂತೆ. ಎಲ್ಲಿಯೂ ಕೈ ನಿಲ್ಲಲಿಲ್ಲ, ಏನನ್ನೂ ಮತ್ತೆ ಕೇಳಬೇಕಾಗಲಿಲ್ಲ.

ಮೊದಲ ಸೀರೆಯನ್ನು ಕತ್ತರಿಸಿ ಅವನ ತೊಡೆಯ ಮೇಲೆ ಹಾಕಿದೆ. ಹುಡುಗಿ ನೋಡಿ ಬಾಯಿ ತುಂಬ ನಕ್ಕಳು. ಅವನು ಅಂಚನ್ನು ಬೆರಳಲ್ಲಿ ಉದ್ದಕ್ಕೂ ಸವರಿದ.

“ಅತ್ತಿಗಿ, ಅಂಚು ಕೆಂಪ ಬಂದೈತೇನು?” ಮಗಳಿಗೆ ಕೇಳದಂತೆ ಮೆಲ್ಲಗೆ ಕೇಳಿದ.

ಅವನ ಕಣ್ಣುಗಳು ತೆರೆದೇ ಇದ್ದವು. ಕೆಂಪಂಚು ಕೈಯಲ್ಲೇ ಇತ್ತು. ಗೇಣು ನೇಯ್ದು ನೋಡು ಎಂದರೆ ಅವನು ಏನನ್ನು ನೋಡಬೇಕಿತ್ತು?

“ನೀ ಹೇಳಿದಂಗ ಐತಿ,” ಎಂದೆ.